ಕೆರೆದಂಡೆಯ ಮಳೆರಾಯ

ಮೂಗನ್ನು ಒಮ್ಮೆ ಮೇಲೆತ್ತಿ ಗಾಳಿ ಎಳೆದುಕೊಂಡರೆ ಸಾಕು, ಮಳೆ ಎಷ್ಟು ಹೊತ್ತಿಗೆ ಬರುತ್ತದೆಂದು ಅವನು ಹೇಳಿಬಿಡುತ್ತಿದ್ದ. ರೇಡಿಯೊದವರು ದಿನವಿಡೀ ಬಿಸಿಲು ಎಂದು ಗಂಟಲು ಹರಿದುಕೊಂಡರೂ ಇವನು ಮೂರು ಗಂಟೆಗೆ ಎಂದರೆ ಮೂರು ಗಂಟೆಗೆ ಹನಿ ಬೀಳಲೇಬೇಕು. ಕೆರೆದಂಡೆಯ ರಸ್ತೆಯಲ್ಲಿ ಅವನ ಗಾಡಿ ಬಂದರೆ ಹೆಂಗಸರು ಬಾಲ್ಕನಿಯಿಂದಲೇ ಕೂಗಿ ಕೇಳುತ್ತಿದ್ದರು, “ಬಟ್ಟೆ ಒಣಗಾಕ್ಲೋ ಬೇಡ್ವೋ?” ಅವನು ಕೈಯಾಡಿಸಿದರೆ ಬಕೆಟ್ಟು ಒಳಗೆ ಹೋಗುತ್ತಿತ್ತು. ಹೀಗಾಗಿ ಎಲ್ಲರ ಬಾಯಲ್ಲೂ ಅವನು ಮಳೆರಾಯ. ಹಾಗೆ ಕರೆದಾಗಲೆಲ್ಲ ಅವನಿಗೆ ಒಳಗೊಳಗೇ ಹಿಗ್ಗು. ಮೇಲೆ ಮಾತ್ರ “ಸುಮ್ನಿರ್ರೀ” ಎನ್ನುತ್ತಿದ್ದ.

ಕಸುಬು ಹುಲ್ಲಿನದು. ಕೆರೆಯ ಪೂರ್ವದಂಡೆಯ ಉದ್ದಕ್ಕೂ ದೊಡ್ಡ ಮನೆಗಳು, ಪ್ರತಿ ಮನೆಯ ಹಿಂದೆ ನೀರಿನವರೆಗೂ ಇಳಿಜಾರಾಗಿ ಹೋಗುವ ಹುಲ್ಲುಹಾಸು. ಅಂಥ ಮೂವತ್ತೆಂಟು ಹುಲ್ಲುಹಾಸುಗಳು ಅವನ ಉಸ್ತುವಾರಿಯಲ್ಲಿದ್ದವು. ಕತ್ತರಿಸುವುದು, ಅಂಚು ಕಟ್ಟುವುದು, ಗೊಬ್ಬರ ಹಾಕುವುದು. ಜೊತೆಗೆ ಹೆಂಡತಿಯ ತಮ್ಮ, ಬಾಮೈದ. ಇವನು ಕತ್ತರಿಸಿಕೊಂಡು ಹೋದರೆ ಬಾಮೈದ ಬೆನ್ನಿಗೆ ಗಾಳಿಯಂತ್ರ ಕಟ್ಟಿಕೊಂಡು ಕತ್ತರಿಸಿದ ಹುಲ್ಲನ್ನೆಲ್ಲ ಊದಿ ಊದಿ ಕೆರೆಗೆ ತಳ್ಳುತ್ತಿದ್ದ. “ಕೆರೆ ತಿಂದ್ಕೊಳ್ಳತ್ತೆ ಬಿಡಿ ಭಾವ” ಎಂಬುದು ಅವನ ಸಿದ್ಧಾಂತ. ಬೆನ್ನು ಬಗ್ಗಿಸಿ ಗುಡಿಸಿ ಮೂಟೆ ಕಟ್ಟುವುದಕ್ಕಿಂತ ಈ ಸಿದ್ಧಾಂತ ಹಗುರವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಮಳೆರಾಯನ ಹುಲ್ಲು ಎಂದರೆ ಹುಲ್ಲು. ಪಕ್ಕದ ಬೀದಿಯವರ ಕಣ್ಣು ಕುಕ್ಕುವಂಥ ಹಸಿರು. ಅದರ ಗುಟ್ಟು ಅವನ ಮೂಗಿನಲ್ಲೇ ಇತ್ತು. ಗೊಬ್ಬರ ಎಂದರೆ ಸಣ್ಣ ಹರಳುಗಳು. ಎರಡು ಚಕ್ರದ ತಳ್ಳುಗಾಡಿಯಲ್ಲಿ ತುಂಬಿ ನಡೆದರೆ ಕೆಳಗಿನ ಬಿಲ್ಲೆ ತಿರುಗಿ ಸುತ್ತಲೂ ಎರಚುತ್ತದೆ. ಎರಚಿದ ಮೇಲೆ ನೀರು ಬಿಡಬೇಕು, ಇಲ್ಲವಾದರೆ ಹರಳು ಹುಲ್ಲನ್ನು ಸುಡುತ್ತದೆ. ಬೇರೆಯವರು ಗಂಟೆಗಟ್ಟಲೆ ಪೈಪು ಹಿಡಿದು ನಿಲ್ಲುತ್ತಿದ್ದರು. ಇವನು ಹಾಗಲ್ಲ. ಮಳೆಯ ವಾಸನೆ ಮೂಗಿಗೆ ಬಡಿದ ಕೂಡಲೇ ತಳ್ಳುಗಾಡಿ ಹೊರಗೆಳೆದು, ಊಟ ತಿಂಡಿ ಬಿಟ್ಟು, ಒಂದಾದ ಮೇಲೊಂದು ಮನೆಗೆ ಎರಚಿಕೊಂಡು ಬರುತ್ತಿದ್ದ. ಕೊನೆಯ ಮನೆ ಮುಗಿಯುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಗುತ್ತಿತ್ತು. ಆಮೇಲೆ ಶೆಡ್ಡಿನ ಬಾಗಿಲಲ್ಲಿ ಕುಳಿತು, ಒಂದು ಲೋಟ ಚಹಾ ಹಿಡಿದು, ತನ್ನ ಕೆಲಸವನ್ನು ಮಳೆ ಮಾಡುವುದನ್ನು ನೋಡುತ್ತಿದ್ದ. ಅಷ್ಟು ಸುಖ ಅವನಿಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಆ ದಿನದ ತಾರೀಖು, ಮಳೆ ಬಂದ ಹೊತ್ತು, ಎಷ್ಟು ಮನೆಗೆ ಹಾಕಿದ್ದು, ಎಲ್ಲವನ್ನೂ ವರ್ಷಕ್ಕೊಂದರಂತೆ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದ. ಮುಂದೆ ಯಾರಾದರೂ ತಕರಾರು ತೆಗೆದರೆ ತೋರಿಸಲಿಕ್ಕೆ. ಯಾರೂ ತೆಗೆದಿರಲಿಲ್ಲ.

ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಕೆರೆಗೆ ಎರಡು ಬೀದಿ ಮೇಲೆ ಅವರ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಹಿಂದಿನ ಗೋಡೆಗೆ ನೂಲಿನ ಉರುಳೆಗಳ ಐದು ಸಾಲಿನ ಹಲಗೆ. ಊರಿಗೆಲ್ಲ ಅವಳು ಟೈಲರಮ್ಮ. ಆದರೆ ಮಳೆರಾಯ ಅವಳನ್ನು ಮೊದಲು ನೋಡಿದ್ದು ಹೊಲಿಗೆ ಯಂತ್ರದ ಮುಂದಲ್ಲ, ಕೆರೆಯಲ್ಲಿ. ಅವನಿಗಾಗ ಇಪ್ಪತ್ತೊಂಬತ್ತು. ಬೆಳಗಿನ ಆರೂವರೆಗೆ ಹುಲ್ಲಿನ ಅಂಚು ಕತ್ತರಿಸುತ್ತಿದ್ದವನು ತಲೆಯೆತ್ತಿದರೆ, ನೀರಿನಲ್ಲಿ ಒಬ್ಬ ಹುಡುಗಿ ಸದ್ದಿಲ್ಲದೆ ಬಂದು, ಅವನೆದುರೇ ತಿರುಗಿ, ಸದ್ದಿಲ್ಲದೆ ಹೋದಳು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅವಳ ಕೆಳಗೆ ಕಲ್ಲುಗಳ ಮೇಲೆ ಅವಳ ನೆರಳೂ ಈಜುತ್ತಿತ್ತು. ಆವತ್ತು ಕತ್ತರಿಸಿದ ಅಂಚು ಹಾವು ಹರಿದ ಹಾಗೆ ಡೊಂಕಾಗಿತ್ತು ಎಂದು ಬಾಮೈದ ಇವತ್ತಿಗೂ ಹಾಸ್ಯ ಮಾಡುತ್ತಾನೆ. ಅವನು ಆವತ್ತು ಅಲ್ಲಿರಲೇ ಇಲ್ಲ, ಅದು ಬೇರೆ ಮಾತು.

ಮದುವೆಯಾದ ಮೇಲೂ ಅವಳ ಈಜು ತಪ್ಪಲಿಲ್ಲ. ಚಳಿಗಾಲದ ನಾಲ್ಕು ತಿಂಗಳು ಬಿಟ್ಟರೆ ದಿನವೂ ಹೋಗುತ್ತಿದ್ದಳು, ಬಸುರಿಯಾಗಿದ್ದಾಗಲೂ. ಒದ್ದೆ ಕೂದಲಿನಲ್ಲೇ ಬಂದು ಯಂತ್ರದ ಮುಂದೆ ಕೂತರೆ ಮಧ್ಯಾಹ್ನದವರೆಗೂ ಅವಳ ಮುಖದಲ್ಲೊಂದು ನಗು ಇರುತ್ತಿತ್ತು, ಯಾರಿಗೂ ಹೇಳದ ಒಂದು ಒಳ್ಳೆ ಸುದ್ದಿ ಬಚ್ಚಿಟ್ಟುಕೊಂಡವರ ಹಾಗೆ. ಮಗಳು ಹುಟ್ಟಿದಾಗ, “ಇವಳಿಗೆ ನಡೆಯೋಕೆ ನೀವು ಕಲ್ಸಿ, ಈಜೋಕೆ ನಾನು ಕಲಿಸ್ತೀನಿ” ಎಂದಿದ್ದಳು.

ಕೆರೆ ಒಂದೇ ದಿನದಲ್ಲಿ ಕೆಡಲಿಲ್ಲ. ಮೊದಲು ಕಲ್ಲುಗಳ ಮೇಲೆ ಜಾರುವಂಥ ಲೋಳೆ. ಆಮೇಲೆ ಬೇಸಿಗೆಯಲ್ಲಿ ಅಲ್ಲಲ್ಲಿ ಹಸಿರು ಎಳೆಗಳು. ಆಮೇಲೆ ಒಂದು ವರ್ಷ ಇಡೀ ಕೆರೆಯೇ ಬಣ್ಣ ಕಲಸಿದ ಹಾಗೆ ದಪ್ಪಗಾಗಿ, ದಂಡೆಗೆ ಬಂದ ಪಾಚಿ ಕೊಳೆತು ನಾರತೊಡಗಿತು. ಅವಳು ಮೂಗು ಮುಚ್ಚಿಕೊಂಡು ಎರಡು ವಾರ ಇಳಿದಳು. ಮೈಯೆಲ್ಲ ಕೆಂಪು ಗಂಧೆ ಎದ್ದವು. ನಗರಸಭೆಯವರು ದಂಡೆಯಲ್ಲಿ ಬೋರ್ಡು ನೆಟ್ಟರು: ಈಜಬಾರದು. ಆಗ ಅವಳಿಗೆ ನಲವತ್ತೊಂದು. ಮಗಳು ಇನ್ನೂ ಮೊಣಕಾಲು ನೀರಿನಲ್ಲಿ ಕೈಕಾಲು ಬಡಿಯುವುದನ್ನು ಕಲಿಯುತ್ತಿದ್ದಳು. ಟೈಲರಮ್ಮ ಟವೆಲನ್ನು ಒಗೆದು, ಮಡಿಸಿ, ಕಪಾಟಿನೊಳಗಿಟ್ಟಳು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಬೆಳಗಿನ ಆರೂವರೆಗೆ ಅಡುಗೆಮನೆಯ ಕಿಟಕಿಯ ಮುಂದೆ ನಿಂತು, ಎರಡು ಬೀದಿ ಕೆಳಗಿನ ಕೆರೆಯನ್ನು ನೋಡುವ ಅಭ್ಯಾಸ ಮಾತ್ರ ಬಿಡಲಿಲ್ಲ. ಒಲೆಯ ಮೇಲೆ ಹಾಲು ಎಷ್ಟು ಸಲ ಉಕ್ಕಿತೋ.

ಮಳೆರಾಯನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಕೆರೆಯನ್ನು ಹಾಳುಮಾಡಿದವರು ಯಾರು ಎಂದು ದಾರಿಯಲ್ಲಿ ಸಿಕ್ಕಿದವರೊಡನೆಲ್ಲ ಜಗಳ ಕಾಯುತ್ತಿದ್ದ. ಕಾರ್ಖಾನೆಯವರು, ಚರಂಡಿಯವರು, ದೋಣಿಯವರು, ಒಬ್ಬರನ್ನೂ ಬಿಡಲಿಲ್ಲ. ಹದಿನಾಲ್ಕು ವರ್ಷ ಹೀಗೆ ಬೈದ. ಅವನ ಹುಲ್ಲು ಹಸಿರಾಗಿಯೇ ಇತ್ತು.

ಹದಿನೈದನೇ ವರ್ಷ ತಟ್ಟೆ ಮೇಡಂ ಬಂದಳು. ನೀರು ಪರೀಕ್ಷೆಯ ಇಲಾಖೆಯವಳು. ಸಣ್ಣ ದೋಣಿಯಲ್ಲಿ ಕೆರೆಯ ಮಧ್ಯಕ್ಕೆ ಹೋಗಿ, ಕಪ್ಪು ಬಿಳುಪು ಬಣ್ಣ ಬಳಿದ ಒಂದು ತಟ್ಟೆಯನ್ನು ಹಗ್ಗ ಕಟ್ಟಿ ಇಳಿಬಿಡುವಳು. ತಟ್ಟೆ ಕಣ್ಣಿಗೆ ಕಾಣದಾದ ಆಳವನ್ನು ಬರೆದುಕೊಳ್ಳುವಳು. ಆ ವರ್ಷ ತಟ್ಟೆ ಒಂದೂವರೆ ಅಡಿಗೇ ಮಾಯವಾಗುತ್ತಿತ್ತು. ತುಂಬ ಮಾತಿನವಳಲ್ಲ. ಮಳೆಯ ಲೆಕ್ಕ ಬೇಕಿತ್ತು, ಇಲಾಖೆಯ ಮಳೆಮಾಪಕ ಬೆಟ್ಟದಾಚೆ ಇತ್ತು, ಇಲ್ಲಿನ ಮಳೆಗೂ ಅಲ್ಲಿನ ಮಳೆಗೂ ಸಂಬಂಧವಿರಲಿಲ್ಲ. ಯಾರೋ ಮಳೆರಾಯನನ್ನು ತೋರಿಸಿದರು.

ಅವನಿಗೋ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತನ್ನ ಪುಸ್ತಕಗಳನ್ನು ಸರ್ಕಾರವೇ ಕೇಳಿಕೊಂಡು ಬಂದಿದೆ! ಮೂವತ್ತೆರಡು ವರ್ಷದ ಮೂವತ್ತೆರಡು ನೋಟುಪುಸ್ತಕಗಳನ್ನು ಧೂಳು ಒರೆಸಿ, ದಾರ ಕಟ್ಟಿ, ಅವಳ ದೋಣಿಯವರೆಗೂ ತಾನೇ ಹೊತ್ತುಕೊಂಡು ಹೋಗಿ ಕೊಟ್ಟ. “ಜೋಪಾನ ಮೇಡಂ, ಇಂಥದ್ದು ಇನ್ನೆಲ್ಲೂ ಸಿಗಲ್ಲ” ಎಂದು ಎರಡು ಸಲ ಹೇಳಿದ.

ಹತ್ತು ದಿನದ ಮೇಲೆ ಅವಳು ಶೆಡ್ಡಿಗೆ ಬಂದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಒಂದು ಉದ್ದನೆಯ ಕಾಗದವನ್ನು ಗೊಬ್ಬರದ ಚೀಲಗಳ ಮೇಲೆ ಬಿಡಿಸಿದಳು. ನೀಲಿ ಗೆರೆ, ಕೆಂಪು ಚುಕ್ಕೆ, ಹಸಿರು ಗುಡ್ಡ. ಮತ್ತೆ ನೀಲಿ ಗೆರೆ, ಕೆಂಪು ಚುಕ್ಕೆ, ಹಸಿರು ಗುಡ್ಡ.

“ನೀಲಿ ಅಂದ್ರೆ ಜೋರು ಮಳೆ,” ಎಂದಳು. “ಕೆಂಪು ಅಂದ್ರೆ ನೀವು ‘ಹಾಕಿದ್ದು’ ಅಂತ ಬರೆದಿರೋ ದಿನ. ಹಸಿರು ಅಂದ್ರೆ ಪಾಚಿ ಎದ್ದಿರೋದು. ನಮ್ಮ ಆಫೀಸಿನ ಹಳೇ ಲೆಕ್ಕದಿಂದ ತೆಗೆದಿದ್ದು.”

“ಎರಡೂ ಒಂದೇ ದಿನ ಬಂದಿದಾವಲ್ಲ, ನೀಲಿನೂ ಕೆಂಪೂ,” ಎಂದ ಮಳೆರಾಯ. ಅವನ ದನಿಯಲ್ಲಿ ಆಗಲೂ ಸ್ವಲ್ಪ ಜಂಬವಿತ್ತು. “ಒಂದು ಸಲಾನೂ ತಪ್ಪಿಲ್ಲ ನೋಡಿ.”

“ಹೌದು. ಒಂದು ಸಲಾನೂ ತಪ್ಪಿಲ್ಲ.” ಅವಳು ಪೆನ್ಸಿಲನ್ನು ಹಸಿರು ಗುಡ್ಡದ ಮೇಲೆ ಇಟ್ಟಳು. “ಇದೂ ಒಂದು ಸಲಾನೂ ತಪ್ಪಿಲ್ಲ. ಒಂಬತ್ತು ಹತ್ತು ದಿನ ಆದ್ಮೇಲೆ.”

ಅವನು ದಡ್ಡನಲ್ಲ. ಅವಳು ಮುಂದಿನದನ್ನು ಮೆಲ್ಲಗೆ, ಒಂದು ಸಲಕ್ಕೆ ಒಂದೇ ಮಾತಿನಂತೆ ಹೇಳಿದಳು. ಇಳಿಜಾರು, ಜೋರು ಮಳೆ, ಹರಳು ಬೇರಿಗೆ ಇಳಿಯುವ ಮೊದಲೇ ಕೊಚ್ಚಿಕೊಂಡು ಕೆರೆ ಸೇರುತ್ತದೆ. ಬಾಮೈದ ಊದಿ ತಳ್ಳುವ ಹುಲ್ಲೂ ನೀರಿನಲ್ಲಿ ಕೊಳೆತು ಗೊಬ್ಬರವೇ ಆಗುತ್ತದೆ. ಚೀಲದ ಮೇಲೆ ಮೂರು ಅಂಕಿ ಇವೆಯಲ್ಲ, ಅದರಲ್ಲಿ ನಡುವಿನದು ರಂಜಕ, ಪಾಚಿಗೆ ಅದೆಂದರೆ ಪ್ರಾಣ. “ಈ ದಂಡೆಯ ಮಣ್ಣು ಪರೀಕ್ಷೆ ಮಾಡಿಸ್ದೆ. ರಂಜಕ ಬೇಕೇ ಇಲ್ಲ ಇದಕ್ಕೆ. ಇನ್ನೂ ಎಷ್ಟೋ ವರ್ಷಕ್ಕಾಗೋಷ್ಟು ತುಂಬಿದೆ. ನೀವು ಹುಲ್ಲಿಗೆ ಬಡಿಸಿದ್ದನ್ನ ಪಾಚಿ ಉಂಡಿದೆ.”

“ನಿಲ್ಲಿಸಿದ್ರೆ?” ಎಂದ. “ನಾಳೆಯಿಂದ್ಲೇ ನಿಲ್ಲಿಸಿದ್ರೆ ಎಷ್ಟು ದಿನಕ್ಕೆ ತಿಳಿಯಾಗತ್ತೆ?”

“ದಿನ ಅಲ್ಲ.” ಅವಳು ಕಾಗದ ಮಡಿಸಿದಳು. “ತಳದ ಕೆಸರಲ್ಲೇ ತುಂಬ ಇದೆ, ಅದು ಸ್ವಲ್ಪ ಸ್ವಲ್ಪನೇ ಬಿಟ್ಕೊಡತ್ತೆ. ಎಂಟು ವರ್ಷ, ಹತ್ತು ವರ್ಷ. ಅದೂ ಎಲ್ಲ ಮನೆಯವರೂ ಒಪ್ಪಿದ್ರೆ.”

ಹೆಂಡತಿಗೆ ಆಗ ಐವತ್ತೈದು. ಇಷ್ಟು ವರ್ಷ ಯಂತ್ರದ ಮೇಲೆ ಬಗ್ಗಿ ಬಲಭುಜ ಬಿಗಿಯತೊಡಗಿತ್ತು. ನೂಲಿನ ಹಲಗೆಯ ಮೇಲಿನ ಸಾಲಿಗೆ ಕೈ ಎತ್ತಲಾಗದೆ, ಬಿಳಿ ಉರುಳೆಗಳನ್ನು ಆಗಲೇ ಒಂದು ಸಾಲು ಕೆಳಗಿಳಿಸಿದ್ದಳು. ವೈದ್ಯರು ಈಜಲು ಹೇಳಿದ್ದರು. ನಗರಸಭೆಯ ಈಜುಕೊಳಕ್ಕೆ ಎರಡು ದಿನ ಹೋಗಿ ಬಂದು, “ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದ ಹಾಗಾಗತ್ತೆ, ನಾನು ಹೋಗಲ್ಲ” ಎಂದಿದ್ದಳು. ಎಂಟು ವರ್ಷಕ್ಕೆ ಆ ಕೈ ಎಲ್ಲಿರುತ್ತದೆ ಎಂದು ಮಳೆರಾಯ ಶೆಡ್ಡಿನಲ್ಲಿ ಒಬ್ಬನೇ ಕೂತು ಲೆಕ್ಕ ಹಾಕಿದ. ಚಹಾ ಆರಿಹೋಯಿತು.

ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡು ತಿರುಗಿದ. ಊಟ ಸೇರಲಿಲ್ಲ. ಅವಳು ಹೊಟ್ಟೆ ಕೆಟ್ಟಿರಬೇಕೆಂದು ಕಷಾಯ ಮಾಡಿಕೊಟ್ಟಳು. ಆ ಕಹಿಯನ್ನು ಮರುಮಾತಿಲ್ಲದೆ ಕುಡಿದ, ಇನ್ನೂ ಕಹಿ ಇದ್ದರೂ ಕುಡಿಯುತ್ತಿದ್ದ. ಭಾನುವಾರ ಮಧ್ಯಾಹ್ನ ಅವಳು ಯಾರದೋ ಮನೆಯ ಕಿಟಕಿ ಪರದೆ ಹೊಲಿಯುತ್ತಿದ್ದಾಗ, ಎದುರಿನ ಸ್ಟೂಲಿನ ಮೇಲೆ ಕೂತು, ನೆಲ ನೋಡುತ್ತ ಎಲ್ಲ ಹೇಳಿದ. ಕಾರ್ಖಾನೆಯಲ್ಲ. ಚರಂಡಿಯಲ್ಲ. ನಾನು.

ಯಂತ್ರ ನಿಂತಿತು.

“ಮಳೆ ಬರತ್ತೆ ಅಂತ ಕುಣ್ಕೊಂಡು ಹೊರಡ್ತಿದ್ರಲ್ಲ, ಆವತ್ತೆಲ್ಲಾನಾ?” ಎಂದಳು.

“ಹ್ಞೂಂ.”

“ಹಸ್ಕೊಂಡು ಓಡಾಡ್ಬೇಡಿ ಅಂತ ನಾನೇ ಡಬ್ಬಿ ಕಟ್ಕೊಟ್ಟು ಕಳಿಸ್ತಿದ್ದೆ.”

ಅವಳು ಪರದೆಯ ಬಟ್ಟೆಯನ್ನು ಅಂಗೈಯಿಂದ ನೀವುತ್ತಲೇ ಇದ್ದಳು, ಅಲ್ಲಿ ಸುಕ್ಕೇ ಇರಲಿಲ್ಲ.

“ನನ್ನದು ಹೋಗ್ಲಿ ರೀ,” ಎಂದಳು ಕೊನೆಗೆ. “ಮಗೂಗೆ ಕಲಿಸ್ತೀನಿ ಅಂದಿದ್ದೆ. ಅವಳು ಕಲೀಲೇ ಇಲ್ಲ.”

ಮಗಳು ಅಷ್ಟು ಹೊತ್ತಿಗೆ ದೊಡ್ಡವಳಾಗಿ, ಬಸ್ ಓಡಿಸುವ ಕೆಲಸ ಹಿಡಿದು, ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದ್ದಳು. ನೀರು ಕಂಡರೆ ದೂರ ನಿಲ್ಲುತ್ತಿದ್ದಳು. ಮಳೆರಾಯ ಕೈಜೋಡಿಸಿ ಕ್ಷಮಿಸು ಎಂದ. ಟೈಲರಮ್ಮ ಯಂತ್ರವನ್ನು ಮತ್ತೆ ತುಳಿಯತೊಡಗಿದಳು. ಅವಳೇನು ಕಲ್ಲಿನ ಗೊಂಬೆಯೇ, ಹೋಗಲಿ ಬಿಡಿ ಎಂದು ತಕ್ಷಣ ನಕ್ಕುಬಿಡಲು? ಎರಡು ತಿಂಗಳು ಅವನೊಡನೆ ಬೇಕಾದಷ್ಟೇ ಮಾತಾಡಿದಳು. ಊಟಕ್ಕೆ ಬನ್ನಿ. ನಲ್ಲಿ ಸೋರ್ತಿದೆ. ಮಗಳು ಫೋನ್ ಮಾಡಿದ್ಲು. ಅಷ್ಟೇ.

ಆ ಎರಡು ತಿಂಗಳಲ್ಲೇ ಅವನು ಬಾಗಿಲು ಬಾಗಿಲು ತಟ್ಟಲು ಶುರುಮಾಡಿದ್ದು. ಅವನ ಬೇಡಿಕೆಗಳು ಸಣ್ಣವು. ನಡುವಿನ ಅಂಕಿ ಸೊನ್ನೆ ಇರುವ ಚೀಲ ಮಾತ್ರ, ಅದೂ ಮಣ್ಣು ಕೇಳಿದರೆ ಮಾತ್ರ. ಮಳೆಯ ವಾಸನೆ ಬಂದ ದಿನ ತಳ್ಳುಗಾಡಿ ಮುಟ್ಟುವುದಿಲ್ಲ. ಹುಲ್ಲನ್ನು ಬೋಳಿಸದೆ ನಾಲ್ಕು ಬೆರಳು ಎತ್ತರ ಬಿಡುವುದು. ಕತ್ತರಿಸಿದ್ದು ಹುಲ್ಲಿನ ಮೇಲೆಯೇ ಬಿದ್ದು ಗೊಬ್ಬರವಾಗಲಿ. ಮೆಟ್ಟಿಲು, ಕಾಲುದಾರಿಯ ಮೇಲೆ ಬಿದ್ದ ಹರಳನ್ನು ಗುಡಿಸಿ ವಾಪಸು ಚೀಲಕ್ಕೆ. ಮತ್ತು ನೀರಿನಂಚಿನ ಹತ್ತು ಅಡಿಗೆ ಯಂತ್ರ ಹಾಕದೆ, ಜೊಂಡು, ಉದ್ದ ಹುಲ್ಲು, ಕಾಡುಹೂವು ತಾವಾಗಿ ಬೆಳೆಯಲು ಬಿಡುವುದು. ಹರಿದು ಬರುವ ನೀರನ್ನು ಅವು ತಡೆದು, ಸೋಸಿ, ತಮ್ಮ ಪಾಲು ತಾವು ತಿಂದು, ಉಳಿದದ್ದನ್ನು ಕೆರೆಗೆ ಬಿಡುತ್ತವೆ.

ಜನ ನಕ್ಕರು. ಮೂವತ್ತೆರಡು ವರ್ಷ ಅಂಚು ಕತ್ತರಿಸಿ ಕತ್ತರಿಸಿ ಅಂದ ಕಲಿಸಿದವನೇ ಬಂದು ಈಗ ಕಾಡು ಬೆಳೆಸಿ ಎನ್ನುತ್ತಾನೆ! ಏಳು ಮನೆಯವರು ಅವನನ್ನು ಬಿಟ್ಟು ಬೇರೆಯವರನ್ನು ಹಿಡಿದರು. ಬಾಮೈದ ತಲೆ ಚಚ್ಚಿಕೊಂಡ. “ಭಾವ, ನಾವು ಕ್ಷೌರದಂಗಡಿ ಇಟ್ಕೊಂಡು ಜನಕ್ಕೆ ಗಡ್ಡ ಬಿಡಿ ಅಂತ ಹೇಳ್ದಂಗಾಯ್ತು!” ಆದರೂ ಅಕ್ಕನ ಮುಖ ನೋಡಿ, ಗಾಳಿಯಂತ್ರವನ್ನು ಶೆಡ್ಡಿನ ಮೊಳೆಗೆ ನೇತುಹಾಕಿದ.

ಎಲ್ಲರಿಗಿಂತ ದೊಡ್ಡ ಹುಲ್ಲುಹಾಸು ನಿವೃತ್ತ ಜಡ್ಜ್ ಸಾಹೇಬರದು. ಅವರು ಒಪ್ಪಿದರೆ ಅರ್ಧ ದಂಡೆ ಒಪ್ಪಿದ ಹಾಗೆ. ಮಳೆರಾಯ ತಟ್ಟೆ ಮೇಡಂ ವಾಪಸು ಕೊಟ್ಟ ನೋಟುಪುಸ್ತಕಗಳನ್ನೂ ಅವಳ ಗೆರೆ ಚುಕ್ಕೆಯ ಕಾಗದವನ್ನೂ ಅವರ ವರಾಂಡದ ಮೇಜಿನ ಮೇಲಿಟ್ಟು, ಕಟಕಟೆಯಲ್ಲಿ ನಿಂತವನಂತೆ ನಿಂತ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದು ಗಂಟೆ ಓದಿದರು.

“ಏನಯ್ಯ, ಇದು ತಪ್ಪೊಪ್ಪಿಗೆ,” ಎಂದರು. “ಮೂವತ್ತೆರಡು ವರ್ಷದ್ದು. ನಿನ್ನ ಕೈಬರಹದಲ್ಲೇ.”

“ಹೌದು ಸಾಹೇಬ್ರೆ.”

“ನನ್ನ ಮುಂದೆ ಬಂದೋರೆಲ್ಲ ನಾನಲ್ಲ ನಾನಲ್ಲ ಅಂತಿದ್ರು. ನೀನೊಬ್ಬ ಬೇರೆ ಥರ.” ಅವರು ಪುಸ್ತಕ ಮುಚ್ಚಿದರು. “ಆದ್ರೂ ಕಾಡು ಬೇಡ. ನನ್ನ ಮನೆಯವರು ಬೈತಾರೆ.”

ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಮಳೆರಾಯ ಪೆಚ್ಚು ಮೋರೆ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಜಡ್ಜ್ ಸಾಹೇಬರು ಹುಲ್ಲಿನ ಮೇಲೆ ಹರಡಿ ಕೂತಿದ್ದ ಕಾಡುಬಾತುಗಳ ಹಿಂಡಿಗೆ ಚಪ್ಪಲಿ ಎಸೆದು, ಅವು ಮಾಡಿಟ್ಟ ಗಲೀಜಿಗೆ ನ್ಯಾಯಾಲಯದಲ್ಲಿ ಆಡಬಾರದ ಮಾತೊಂದನ್ನು ಆಡಿದರು. ಬಾತುಗಳ ಆ ಗಲೀಜೂ ಕೆರೆಗೆ ಗೊಬ್ಬರವೇ. ಮಳೆರಾಯನಿಗೆ ತಟ್ಟೆ ಮೇಡಂ ಹೇಳಿದ್ದೊಂದು ನೆನಪಾಯಿತು. “ಸಾಹೇಬ್ರೆ, ನೀರಿನಂಚಲ್ಲಿ ಉದ್ದ ಹುಲ್ಲಿದ್ರೆ ಬಾತು ಹತ್ತಲ್ಲ. ಒಳಗೇನು ಕೂತಿದ್ಯೋ ಅಂತ ಹೆದರ್ಕೊಳ್ತವೆ.”

ಜಡ್ಜ್ ಸಾಹೇಬರು ಎಸೆದ ಚಪ್ಪಲಿಯನ್ನು ಅಲ್ಲೇ ಮರೆತು ತಿರುಗಿದರು. “ಇದನ್ನ ಮೊದ್ಲೇ ಹೇಳೋದಲ್ವೇನಯ್ಯ?”

ಹೀಗೆ ಕೆರೆಗಾಗಿ ಒಪ್ಪದವರು ಬಾತಿನ ಹೇಲಿಗಾಗಿ ಒಪ್ಪಿದರು. ಮುಂದಿನ ಬೇಸಿಗೆಯಲ್ಲಿ ಜಡ್ಜರ ಹುಲ್ಲು ಶುಭ್ರವಾಗಿತ್ತು. ಬಾತುಗಳೆಲ್ಲ ಪಕ್ಕದ ಮನೆಗೆ ಹೋಗಿ ಕೂತವು. ಪಕ್ಕದ ಮನೆಯವರು ಓಡಿಬಂದರು. ಆಮೇಲೆ ಅದರ ಪಕ್ಕದವರು. ಮನುಷ್ಯರಿಗೆ ಒಳ್ಳೆಯದು ಮಾಡಿಸಲು ಎಂಥೆಂಥ ಬಾಗಿಲಿನಿಂದ ಒಳಹೊಗಬೇಕೋ! ಐದನೇ ವರ್ಷದ ಹೊತ್ತಿಗೆ ಪೂರ್ವದಂಡೆ ಉದ್ದಕ್ಕೂ ಆಳೆತ್ತರ ಜೊಂಡು, ನಡುನಡುವೆ ಹಳದಿ ಹೂವು, ನೀರಿಗಿಳಿಯಲು ಮನೆಗೊಂದು ಕಾಲುದಾರಿ. ಬಿಟ್ಟುಹೋದ ಏಳು ಮನೆಯಲ್ಲಿ ಐದು ವಾಪಸು ಬಂದವು.

ಕೆರೆ ಮಾತ್ರ ಯಾರ ಅವಸರಕ್ಕೂ ಸೊಪ್ಪು ಹಾಕಲಿಲ್ಲ. ಮೊದಲ ವರ್ಷ ತಟ್ಟೆ ಒಂದೂವರೆ ಅಡಿಗೇ ಮಾಯ. ಎರಡನೇ ವರ್ಷ ಇನ್ನೂ ಮೇಲಕ್ಕೆ, ಒಂದೂಕಾಲಿಗೇ. ಆ ದಿನ ಮಳೆರಾಯ ದೋಣಿಯಲ್ಲೇ ಅತ್ತ. ತಟ್ಟೆ ಮೇಡಂ ಹಗ್ಗ ಸುತ್ತುತ್ತ, “ಹಾಗಾಗತ್ತೆ, ನಿಲ್ಲಿಸ್ಬೇಡಿ” ಎಂದಳು, ಅಷ್ಟೇ. ನಾಲ್ಕನೇ ವರ್ಷ ಎರಡು ಅಡಿ. ಆರನೇ ವರ್ಷ ಮೂರು ಚಿಲ್ಲರೆ. ಸತತ ಎರಡು ಬೇಸಿಗೆ ಐದು ಅಡಿಯಲ್ಲಿ ತಟ್ಟೆ ಕಂಡರೆ ಬೋರ್ಡು ಕೀಳುತ್ತೇವೆ ಎಂದು ನಗರಸಭೆ ಹೇಳಿತ್ತು.

ಅತ್ತ ಮನೆಯಲ್ಲಿ ಬಿಳಿ ನೂಲು ಕೆಳಗಿನಿಂದ ಮೂರನೇ ಸಾಲಿಗೆ ಬಂತು. ಆಮೇಲೆ ಎರಡನೆಯದಕ್ಕೆ. ಕೆರೆಯಲ್ಲಿ ತಟ್ಟೆ ಒಂದೊಂದು ಗೇಣು ಕೆಳಗೆ ಹೋದಾಗಲೂ ಮನೆಯಲ್ಲಿ ಅವಳ ಕೈಯೂ ಒಂದು ಗೇಣು ಕೆಳಗಿಳಿಯುತ್ತಿತ್ತು. ಎರಡನ್ನೂ ನೋಡುತ್ತಿದ್ದವನು ಇಡೀ ಊರಿನಲ್ಲಿ ಅವನೊಬ್ಬನೇ. ಎಣ್ಣೆ ಬಿಸಿಮಾಡಿ ದಿನವೂ ಅವಳ ಭುಜ ತಿಕ್ಕುತ್ತಿದ್ದ. ಮೊದಮೊದಲು ಅವಳು ಆ ಹೊತ್ತಿನಲ್ಲಿ ಗೋಡೆ ನೋಡುತ್ತಿದ್ದಳು. ಯಾವಾಗಲೋ ಒಂದು ದಿನ, “ಇವತ್ತು ಎಷ್ಟು ಅಡಿ?” ಎಂದು ಕೇಳಿದಳು. ಅವನ ಕೈ ಭುಜದ ಮೇಲೆಯೇ ನಿಂತಿತು. ಅಷ್ಟು ವರ್ಷದಲ್ಲಿ ಅವಳು ಕೆರೆಯ ಬಗ್ಗೆ ತಾನಾಗಿ ಕೇಳಿದ ಮೊದಲ ಮಾತು ಅದು. “ಮೂರೂಕಾಲು,” ಎಂದ. “ಬೇಗ ಬೇಗ ತಿಕ್ಕಿ ಹಾಗಾದ್ರೆ,” ಎಂದಳು. ಅದು ಹಾಸ್ಯವೋ ಸಿಟ್ಟೋ ಅವನಿಗೆ ಗೊತ್ತಾಗಲಿಲ್ಲ, ಎರಡೂ ಇರಬೇಕು.

ಅವಳು ಏನನ್ನು ಬಯಸುತ್ತಿದ್ದಾಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೂ ಅದೇ ಆಸೆ. ನಿದ್ದೆಯಿಂದ ಎದ್ದ ಕೂಡಲೇ ಒದ್ದೆ ಕೂದಲಿನ ವಾಸನೆ ಬೇಕೆನಿಸುತ್ತಿತ್ತು. ಪಕ್ಕದಲ್ಲೇ ಮಲಗಿದ ಹೆಂಡತಿಗಾಗಿ ಮನುಷ್ಯ ಇಷ್ಟು ಹಂಬಲಿಸಬಹುದೇ ಎಂದು ಅವನಿಗೇ ಆಶ್ಚರ್ಯವಾಗುತ್ತಿತ್ತು.

ಒಂಬತ್ತನೇ ವರ್ಷ, ಬೇಸಿಗೆಯ ಒಂದು ಮಂಗಳವಾರ ಬೆಳಿಗ್ಗೆ, ನಗರಸಭೆಯ ಇಬ್ಬರು ಬಂದು ಬೋರ್ಡನ್ನು ಅಲುಗಾಡಿಸಿ ಅಲುಗಾಡಿಸಿ ಕಿತ್ತರು. ಬುಡ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮಳೆರಾಯ ಓಡಿದ, ಅರವತ್ತೇಳರ ಮುದುಕ ಓಡಬಹುದಾದಷ್ಟು. ಅವಳು ಅಡುಗೆಮನೆಯ ಕಿಟಕಿಯಿಂದ ಆಗಲೇ ನೋಡಿದ್ದಳು. ಹೊಸ ಈಜುಡುಗೆ ತಾನೇ ಹೊಲಿದಿಟ್ಟುಕೊಂಡಿದ್ದಳು, ಯಾವಾಗಲೋ, ಅವನಿಗೆ ತಿಳಿಸದೆ.

ಜಡ್ಜ್ ಸಾಹೇಬರ ಮನೆಯ ಪಕ್ಕದ ಕಾಲುದಾರಿಯಲ್ಲಿ, ಎರಡು ಬದಿಯ ಜೊಂಡಿನ ನಡುವೆ, ಅವಳು ಅವನ ಹೆಗಲು ಹಿಡಿದುಕೊಂಡು ಇಳಿದಳು. ನೀರು ತಣ್ಣಗಿತ್ತು, ಹಲ್ಲು ಕಚ್ಚಿದಳು. ಮೊಣಕಾಲು ದಾಟಿ ತೊಡೆಯವರೆಗೆ ಹೋದವಳು ಅಲ್ಲಿಯೇ ನಿಂತು, ತಲೆ ಬಗ್ಗಿಸಿ, ಕೆಳಗೆ ನೋಡುತ್ತ ನಿಂತುಬಿಟ್ಟಳು. ಅವನು ದಡದಿಂದಲೇ, “ಏನಾಯ್ತೇ? ಮುಳ್ಳು ಚುಚ್ಚಿತಾ?” ಎಂದ. ಅವನು ಪ್ಯಾಂಟು ಮಡಿಸಲೂ ಮರೆತು ನೀರಿಗಿಳಿದು ಅವಳ ಪಕ್ಕಕ್ಕೆ ಹೋದ.

ತಳದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಕಲ್ಲುಗಳ ಮೇಲೆ ಅವಳ ಎರಡು ಪಾದ. ನೀಲಿ ನರ ಎದ್ದ, ಗೆಣ್ಣು ದಪ್ಪಗಾದ, ತುಳಿದು ತುಳಿದು ಒಂದು ಕಡೆಗೆ ವಾಲಿದ ಪಾದಗಳು.

“ಇದು ಯಾರ ಕಾಲು ರೀ?” ಎಂದಳು ಟೈಲರಮ್ಮ ಮೆಲ್ಲಗೆ. “ನಾನು ಕೊನೇ ಸಲ ಇಲ್ಲಿ ನೋಡಿದಾಗ ಇವು ಹೀಗಿರ್ಲಿಲ್ಲ.”

ಇಪ್ಪತ್ತಮೂರು ವರ್ಷ. ಕೆರೆಯನ್ನು ಅವನು ವಾಪಸು ತಂದುಕೊಟ್ಟಿದ್ದ, ಅವಳು ಈಜಬೇಕಾಗಿದ್ದ ಬೆಳಗುಗಳನ್ನು ತರುವುದು ಅವನ ಕೈಯಲ್ಲಿರಲಿಲ್ಲ. ಮತ್ತೊಮ್ಮೆ ಕ್ಷಮೆ ಕೇಳಲು ಬಾಯಿ ತೆರೆದ. ಅವಳು ಅವನ ಮುಖ ನೋಡಿದಳು, ನೋಡಿ, ಒದ್ದೆ ಕೈಯಿಂದ ಅವನ ಕೆನ್ನೆಯನ್ನು ಒಮ್ಮೆ ಒತ್ತಿ, ಅವನನ್ನು ಬಿಟ್ಟು ನೀರಿಗೆ ಒರಗಿದಳು.

ಬಲಗೈ ನೀರಿನಿಂದ ಮೇಲೆ ಬರಲಿಲ್ಲ. ಒಂದು ಸಲ ಪ್ರಯತ್ನಿಸಿದಳು, ಮುಖ ಹಿಂಡಿತು. ಆಮೇಲೆ ಆ ಕೈಯನ್ನು ಮೈಗೆ ಅಂಟಿಸಿಕೊಂಡು, ಮಗ್ಗುಲಾಗಿ, ಒಂದೇ ಕೈಯಲ್ಲಿ ಹೋದಳು. ಹದಿನೈದು ಮಾರು ಹೋಗಿರಬಹುದು. ತಿರುಗಿದಳು. ಅವಳ ಕೆಳಗೆ ಕಲ್ಲುಗಳ ಮೇಲೆ ನೆರಳೊಂದು ಹಿಂಬಾಲಿಸಿಕೊಂಡು ಬಂತು. ದಡ ಮುಟ್ಟಿದಾಗ ಏದುಸಿರು ಬಿಡುತ್ತಿದ್ದಳು, ಕಣ್ಣು ಕೆಂಪಾಗಿತ್ತು.

“ಇಷ್ಟೇ,” ಎಂದಳು. “ಮುಗೀತು, ಇಷ್ಟೇ ಆಗೋದು.”

“ಇವತ್ತು ಮೊದಲ್ನೇ ದಿನ ಅಲ್ವೇನೇ. ನಾಳೆ ಸ್ವಲ್ಪ ಜಾಸ್ತಿ ಹೋಗ್ತೀಯ.”

“ಇಲ್ಲ ರೀ, ಹೋಗಲ್ಲ. ನನ್ನ ಕೈ ನನಗೆ ಗೊತ್ತು.” ಅವಳು ಕೂದಲು ಹಿಂಡಿ ನೀರು ಇಳಿಸಿದಳು. “ಆದ್ರೂ ನಾಳೆ ಬರ್ತೀನಿ. ಆರಕ್ಕೇ ಎಬ್ಬಿಸಿ.”